ಸೀನುತ್ತಲೇ ತೋಟ ಸುತ್ತಿಸಿದವರು

ಸಿಸ್ಟರ್ ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ಮಾಡಿದ ಕೆಲಸ ಅಳುವುದಲ್ಲ. ಸ್ಟೂಲು ಹತ್ತಿ ಲಾಫ್ಟಿನಿಂದ ಹಳೆಯ ದಿನಚರಿಗಳನ್ನು ಇಳಿಸಿದ್ದು. ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ನೆನಪಿನಲ್ಲಿ ಅವರು ಲಾಲ್‌ಬಾಗಿನ ಬಾಗಿಲಲ್ಲಿ ಹಳದಿ ಛತ್ರಿ ಹಿಡಿದು ನಿಂತಿದ್ದಾರೆ. ದಿನಚರಿಯಲ್ಲಿ ಹುಡುಕಿದರೆ ಛತ್ರಿಯ ಸುಳಿವೇ ಇಲ್ಲ. ಅಪ್ಪನನ್ನು ಕೇಳಿದೆ.

"ಛತ್ರಿ ಎಲ್ಲಿತ್ತು? ಕರ್ಚೀಫ್ ಇತ್ತು" ಎಂದರು ಅಪ್ಪ.

ಕರ್ಚೀಫ್ ಇದ್ದದ್ದು ನಿಜ. ಅದಕ್ಕೆ ಲಿಖಿತ ಆಧಾರವಿದೆ. "ಸಿಸ್ಟರ್ ಇವತ್ತು ಹನ್ನೊಂದು ಸಲ ಸೀನಿದರು" ಎಂದು ಒಂದು ಭಾನುವಾರದ ಪುಟದಲ್ಲಿ ಬರೆದಿದ್ದೇನೆ. ಆಗ ತಾನೇ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಎಣಿಸಲು ಬರುವ ಯಾವುದನ್ನೂ ಎಣಿಸದೆ ಬಿಡುತ್ತಿರಲಿಲ್ಲ.

ಅವರು ನಮ್ಮ ಅಪ್ಪನ ಫ್ಯಾಕ್ಟರಿಯ ಡಿಸ್ಪೆನ್ಸರಿಯಲ್ಲಿ ನರ್ಸು. ಕಗ್ಗದಾಸಪುರದ ಪಕ್ಕದ ನಮ್ಮ ಕ್ವಾರ್ಟರ್ಸಿನಲ್ಲೇ ಮನೆ. ಹೆಸರು ಒಂದಿತ್ತು, ಆದರೆ ಯಾರೂ ಬಳಸಿದ್ದಿಲ್ಲ, ನಾನೂ ಬಳಸುವುದಿಲ್ಲ. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಡಾಕ್ಟರ ಜೊತೆ ಇಂಗ್ಲಿಷು. ಇಂಜೆಕ್ಷನ್ನಿಗೆ ಹೆದರುವವರು ಯಾವ ಜಾತಿ ಮತದವರಾದರೂ ಅವರ ಜೊತೆ ಮಾತ್ರ ಉರ್ದು. ಸೂಜಿ ಒಳಗೆ ಹೋಗುವಾಗ ಉರ್ದು ಕೇಳಿದರೆ ನೋವಾಗುವುದಿಲ್ಲವೆಂದು ಅವರ ನಂಬಿಕೆ. ನನಗೆ ಟೈಫಾಯ್ಡ್ ಚುಚ್ಚುಮದ್ದು ಕೊಟ್ಟಾಗ ನೋವಾಯಿತು. ಹಾಗೆಂದು ಹೇಳಿದೆ. "ನಿನಗೆ ಉರ್ದು ಅರ್ಥ ಆಗಲ್ಲ ಕಣ್ಣು, ಅದಕ್ಕೆ" ಎಂದು ತಮಿಳಿನ ಮುದ್ದಿನಲ್ಲಿ ಹೇಳಿದರು.

ಅವರ ಇನ್ನೊಂದು ನಂಬಿಕೆ ಲಾಲ್‌ಬಾಗ್. ರಕ್ತದೊತ್ತಡ, ನಿದ್ದೆ ಬಾರದಿರುವುದು, ಕಾರಣವಿಲ್ಲದ ಸಿಟ್ಟು, ಕಾರಣವಿರುವ ಸಿಟ್ಟು, ನಿವೃತ್ತಿ ಹತ್ತಿರ ಬಂದವರ ಎದೆನೋವು, ಎಲ್ಲಕ್ಕೂ ಡಾಕ್ಟರು ಕೊಟ್ಟ ಮಾತ್ರೆಯ ಜೊತೆಗೆ ತಾವೊಂದು ಚೀಟಿ ಬರೆದುಕೊಡುತ್ತಿದ್ದರು. ಡಿಸ್ಪೆನ್ಸರಿಯ ಅದೇ ಬಿಳಿ ಚೀಟಿ: "ಲಾಲ್‌ಬಾಗ್. ವಾರಕ್ಕೊಂದು ಸಲ. ಬೆಳಿಗ್ಗೆ. ಮಾತಿಲ್ಲದೆ." ಲೆಕ್ಕಪತ್ರ ವಿಭಾಗದ ಒಬ್ಬರು, ಕೈಗೆ ಬಂದ ಯಾವ ಕಾಗದವನ್ನೂ ಓದದೆ ಮುಂದಕ್ಕೆ ಕಳಿಸಿ ರೂಢಿಯಾದವರು, ಆ ಚೀಟಿಯನ್ನು ಹಾಗೇ ಕಾಂಪೌಂಡರ ಕಿಟಕಿಯೊಳಗೆ ತಳ್ಳಿದರಂತೆ. ಕಾಂಪೌಂಡರು ಕನ್ನಡಕ ಸರಿಮಾಡಿಕೊಂಡು, "ಲಾಲ್‌ಬಾಗ್ ಸ್ಟಾಕ್ ಇಲ್ಲ ಸಾರ್, ಹೊರಗಡೆ ತಗೊಳ್ಳಿ" ಎಂದರಂತೆ. ಇವರು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರದ ಎರಡು ಮೆಡಿಕಲ್ ಶಾಪಿನಲ್ಲಿ ಕೇಳಿಯೂ ಕೇಳಿದರು ಎಂಬುದು ಕಥೆಯ ಮುಂದಿನ ಭಾಗ. ಅಷ್ಟನ್ನು ನಾನು ನಂಬುವುದಿಲ್ಲ. ಕಾಂಪೌಂಡರು ಸೇರಿಸಿದ್ದಿರಬೇಕು.

ಚೀಟಿ ಕೊಟ್ಟು ಸುಮ್ಮನಾಗುತ್ತಿದ್ದರೆ ಅವರು ಸಿಸ್ಟರ್ ಆಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಕ್ವಾರ್ಟರ್ಸಿನ ಗೇಟಿನಲ್ಲಿ ನಿಂತು, ತಮ್ಮ ಸ್ವಂತ ಪಾದರಸದ ಬಿಪಿ ಮಿಷನ್ನನ್ನು ವಾಚ್‌ಮನ್ನನ ಮೇಜಿನ ಮೇಲೆ ಇಟ್ಟು, ಹೊರಡುವ ಎಲ್ಲರ ತೋಳಿಗೂ ಪಟ್ಟಿ ಸುತ್ತುತ್ತಿದ್ದರು. ಬಸ್ಸಿನಲ್ಲಿ ಶಿವಾಜಿನಗರ, ಅಲ್ಲಿ ಬಸ್ಸು ಬದಲಾಯಿಸಿ ಲಾಲ್‌ಬಾಗ್. ತೋಟದೊಳಗೆ ಒಂದೇ ನಿಯಮ: ಫ್ಯಾಕ್ಟರಿಯ ಮಾತಾಡಬಾರದು. ಆಡಿದವರು ಕೆರೆಯ ಸುತ್ತ ಇನ್ನೊಂದು ಸುತ್ತು ಬರಬೇಕು. ಪ್ರಮೋಷನ್ ತಪ್ಪಿದ ಒಬ್ಬ ಫಿಟ್ಟರ್ ಒಂದೇ ಬೆಳಿಗ್ಗೆ ಐದು ಸುತ್ತು ಬಂದು, ಆರನೆಯದಕ್ಕೆ ಕಾಲು ಎತ್ತಲಾಗದೆ, ಫೋರ್‌ಮನ್ನನ್ನು ಕ್ಷಮಿಸಿಬಿಟ್ಟರು. ವಾಪಸ್ಸು ಬಂದ ಮೇಲೆ ಗೇಟಿನಲ್ಲಿ ಮತ್ತೆ ಪಟ್ಟಿ. ಅಂಕಿ ಇಳಿದಿದ್ದರೆ "ನೋಡಿದ್ರಾ?" ಏರಿದ್ದರೆ "ಬಸ್ಸು."

ಇಷ್ಟು ನಂಬಿದ ತೋಟದೊಳಗೆ ಅವರಿಗೇ ನಿಲ್ಲಲಾಗುತ್ತಿರಲಿಲ್ಲ. ಹೂವು, ಹೊಸ ಚಿಗುರು, ಕತ್ತರಿಸಿದ ಹುಲ್ಲು, ಯಾವುದರ ಹತ್ತಿರ ಬಂದರೂ ಸೀನು. ಒಂದಲ್ಲ, ಸಾಲಾಗಿ. ಮೂಗು ಕೆಂಪಗೆ, ಕಣ್ಣಲ್ಲಿ ನೀರು, ಕರ್ಚೀಫಿನ ಹಿಂದಿನಿಂದ ಆಜ್ಞೆ: "ಉಸಿರು ಎಳಕೊಳ್ಳಿ. ದೀರ್ಘವಾಗಿ. ಎಷ್ಟು ಆರಾಮ ಆಗತ್ತೆ ನೋ..." ಅಷ್ಟರಲ್ಲಿ ಸೀನು. ಗಾಜಿನಮನೆಯ ಹತ್ತಿರ ಜೋಡಿ ಜೋಡಿಯಾಗಿ ಕೂತಿದ್ದ ಹುಡುಗ ಹುಡುಗಿಯರು ಎದ್ದು ದೂರ ಹೋಗುತ್ತಿದ್ದರು.

"ಸಿಸ್ಟರ್, ನಿಮಗೇ ಆಗಿಬರದ್ದನ್ನ ಎಲ್ಲರಿಗೂ ಬರೆದುಕೊಡ್ತೀರಲ್ಲ" ಎಂದು ನಾನು ಕೇಳಿದ್ದುಂಟು.

"ಇಂಜೆಕ್ಷನ್ ಕೊಡೋರು ಪ್ರತಿ ಸಲ ತಮಗೂ ಒಂದು ಚುಚ್ಕೋತಾರಾ?" ಎಂದರು.

ನಮ್ಮ ಮನೆಗೂ ಆ ಚೀಟಿ ಬಂದ ವರ್ಷ ಅಪ್ಪನಿಗೆ ಐವತ್ತೆರಡು. ಅವರು ಫ್ಯಾಕ್ಟರಿಯ ದೊಡ್ಡ ಶೆಡ್ಡಿನಲ್ಲಿ ಕ್ರೇನ್ ಆಪರೇಟರ್. ನೆಲದಿಂದ ನಲವತ್ತಡಿ ಮೇಲೆ, ಸೂರಿಗೆ ಅಂಟಿಕೊಂಡ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕೆಳಗಿನವರು ಕೈಸನ್ನೆ ಮಾಡಿದಂತೆ ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸುವುದು. ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಎಲ್ಲ ಕೈಯಲ್ಲೇ. ತೋರುಬೆರಳು ಮೇಲಕ್ಕೆ ಮಾಡಿ ಸಣ್ಣಗೆ ತಿರುಗಿಸಿದರೆ ಎತ್ತು, ಕೆಳಕ್ಕೆ ಮಾಡಿ ತಿರುಗಿಸಿದರೆ ಇಳಿಸು, ಅಂಗೈ ಚಾಚಿದರೆ ನಿಲ್ಲಿಸು. ಮನೆಯಲ್ಲೂ ಅದೇ ಭಾಷೆ. ಅನ್ನ ಸಾಕೆನ್ನಲು ಅಂಗೈ, ಸಾರು ಬೇಕೆನ್ನಲು ಬೆರಳು. "ಬಾಯಿ ಬಿಟ್ಟು ಹೇಳಿದ್ರೆ ಹಲ್ಲು ಉದುರತ್ತಾ?" ಎಂದು ಅಮ್ಮ ಸೌಟು ಹಿಡಿದೇ ಕೇಳುತ್ತಿದ್ದರು.

ಆ ವರ್ಷದ ತಪಾಸಣೆಯಲ್ಲಿ ಅಪ್ಪನ ಬಿಪಿ ನೂರಾ ಎಪ್ಪತ್ತು. ವಾರ ಬಿಟ್ಟು ನೋಡಿದರೆ ಇನ್ನೂ ಮೇಲೆ. ಡಾಕ್ಟರು ಮಾತ್ರೆ ಕೊಟ್ಟು, ನಾಲ್ಕು ವಾರದಲ್ಲಿ ಇಳಿಯದಿದ್ದರೆ ಕ್ರೇನ್ ಹತ್ತುವಂತಿಲ್ಲ, ಸ್ಟೋರ್ಸಿಗೆ ಹಾಕುತ್ತೇವೆ ಎಂದರು. ಸಂಬಳ ಕಡಿಮೆಯಾಗುವುದಿಲ್ಲ ಎಂದೂ ಹೇಳಿದರು. ಅಪ್ಪನಿಗೆ ಅದು ಸಮಾಧಾನವೇ ಅಲ್ಲ.

"ಇಪ್ಪತ್ತಾರು ವರ್ಷ ಮೇಲೆ ಕೂತವನು, ಈಗ ಕೆಳಗೆ ಕೂತು ಬೋಲ್ಟು ನಟ್ಟು ಕೊಡಬೇಕಾ?" ಎಂದು ಒಂದೇ ಒಂದು ಸಲ ಹೇಳಿದರು. ಆ ವಾರ ಬೆರಳೂ ಎತ್ತಲಿಲ್ಲ. ಸಾರು ಬಡಿಸಿದಷ್ಟು ಉಂಡು ಎದ್ದರು.

ಅಮ್ಮ ಸೀದಾ ಸಿಸ್ಟರ ಮನೆಗೆ ಹೋದರು. ನಾನೂ ಜೊತೆಗಿದ್ದೆ.

"ನೀವೇ ಅಲ್ವಾ ಪಟ್ಟಿ ಕಟ್ಟೋದು? ಹೆಂಗಾದ್ರೂ ಮಾಡಿ ಒಂದಿಪ್ಪತ್ತು ಕಮ್ಮಿ ಬರೆಸಿಬಿಡಿ ಸಿಸ್ಟರ್" ಎಂದರು ಅಮ್ಮ.

ಸಿಸ್ಟರು ಬೇಯಿಸಿದ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ತಟ್ಟೆಯನ್ನು ಅಮ್ಮನ ಕಡೆ ತಳ್ಳಿದರು. "ನಿಮ್ಮ ಯಜಮಾನ್ರ ಕ್ರೇನ್ ಕೆಳಗೆ ಎಷ್ಟು ಜನ ಓಡಾಡ್ತಾರೆ ಹೇಳಿ. ಅವರ ತಲೆ ಮೇಲೆ ಸುಳ್ಳು ನಂಬರ್ ತೂಗುಹಾಕೋಕೆ ನನ್ನ ಕೈಲಿ ಆಗಲ್ಲಮ್ಮ. ಇಳಿಸೋಣ. ನಿಜವಾಗ್ಲೂ ಇಳಿಸೋಣ. ಭಾನುವಾರ ಕಳಿಸಿ."

ಮೊದಲ ಭಾನುವಾರ ಅಪ್ಪ ತೋಟಕ್ಕೆ ಬಂದದ್ದು ತಪಾಸಣೆಗೆ ಬಂದ ಅಧಿಕಾರಿಯಂತೆ. ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಬೋರ್ಡಿನ ಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗಿದ್ದವರನ್ನು ಎಬ್ಬಿಸಿದರು. ಬಂಡೆಯ ಮೇಲೆ ಚುರುಮುರಿ ಪೊಟ್ಟಣ ಎಸೆದ ಒಂದು ಕುಟುಂಬದಿಂದ ಅದನ್ನು ಹೆಕ್ಕಿಸಿದರು. ವಾಪಸ್ಸು ಬಂದಾಗ ಅಂಕಿ ಹದಿನಾಲ್ಕು ಏರಿತ್ತು. "ಬಸ್ಸು" ಎಂದರು ಸಿಸ್ಟರ್, ಆದರೆ ದನಿಯಲ್ಲಿ ಎಂದಿನ ಜೋರಿರಲಿಲ್ಲ.

ಆಗಲೇ ನನ್ನ ಓದು ತಲೆ ಹಾಕಿದ್ದು. ತೋಟದಿಂದ ಗುಣವೋ, ರಜೆಯಿಂದ ಗುಣವೋ, ಮಾತ್ರೆಯಿಂದ ಗುಣವೋ ತಿಳಿಯಬೇಕಾದರೆ ತೋಟಕ್ಕೆ ಹೋಗದ ಇನ್ನೊಂದು ಗುಂಪು ಬೇಕು, ಅವರನ್ನು ಹಸಿರೇ ಇಲ್ಲದ ಕಡೆ ಅಷ್ಟೇ ಹೊತ್ತು ಕೂರಿಸಬೇಕು, ಆಮೇಲೆ ಹೋಲಿಸಬೇಕು ಎಂದು ಸಿಸ್ಟರಿಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

"ಎಲ್ಲಿ ಕೂರಿಸೋಣ?"

"ಶಿವಾಜಿನಗರ ಬಸ್ ಸ್ಟ್ಯಾಂಡು?" ಎಂದೆ.

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಎರಡನೆಯ ಭಾನುವಾರ ಇದು ನಿಜವಾಗಿ ನಡೆಯಿತು. ದಿನಚರಿಯಲ್ಲಿ ಹೆಸರುಗಳ ಪಟ್ಟಿಯೇ ಇದೆ. ಚೀಟಿ ಎತ್ತಿ ಹನ್ನೆರಡು ಜನರಲ್ಲಿ ಆರು ಜನರನ್ನು ಸಿಸ್ಟರ್ ತೋಟಕ್ಕೆ ಕರೆದೊಯ್ದರು. ಉಳಿದ ಆರು ಜನರನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಒಂದು ಗಂಟೆ ಕಾಲ ಡೀಸೆಲ್ ಹೊಗೆಯಲ್ಲಿ, ಹಾರನ್ನಿನ ಸದ್ದಿನಲ್ಲಿ, ವಿಜ್ಞಾನಕ್ಕಾಗಿ ಕೂರಿಸಿದೆ. ಕಂಡಕ್ಟರೊಬ್ಬ ಮೂರು ಸಲ ಬಂದು "ಎಲ್ಲಿಗಮ್ಮಾ?" ಎಂದ. "ಎಲ್ಲಿಗೂ ಇಲ್ಲ" ಎಂದಾಗ ತಲೆ ಕೆರೆದುಕೊಂಡು ಹೋದ.

ಫಲಿತಾಂಶ ಹೀಗಿತ್ತು. ತೋಟದ ಗುಂಪು ಬರುವಾಗ ಬಸ್ಸು ತಪ್ಪಿ, ಇನ್ನೊಂದರ ಹಿಂದೆ ಓಡಿ, ಆರರಲ್ಲಿ ಐದು ಜನರ ಬಿಪಿ ಏರಿತ್ತು. ಬಸ್ ಸ್ಟ್ಯಾಂಡಿನ ಗುಂಪಿನಲ್ಲಿ ಎಲ್ಲರದೂ ಇಳಿದಿತ್ತು. ಒಬ್ಬ ಟರ್ನರಿಗೆ ಹದಿನೈದು ವರ್ಷದ ಹಿಂದಿನ ಗೆಳೆಯ ಸಿಕ್ಕು ಸಮೋಸಾ ಕೊಡಿಸಿದ್ದ. ಒಬ್ಬರು ಗೋಡೆಯ ಸಿನಿಮಾ ಪೋಸ್ಟರುಗಳನ್ನೆಲ್ಲ ಓದಿ ಮುಗಿಸಿದ್ದರು. ಅತಿ ಹೆಚ್ಚು ಇಳಿದದ್ದು ವೆಲ್ಡರೊಬ್ಬರ ಹೆಂಡತಿಯದು, ಇಪ್ಪತ್ತೆರಡು. ಮನೆಯಲ್ಲಿ ಅತ್ತೆ ಮಾವ, ನಾದಿನಿ, ನಾಲ್ಕು ಮಕ್ಕಳು.

"ಏನು ಮಾಡಿದ್ರಿ ಅಲ್ಲಿ?" ಎಂದು ಸಿಸ್ಟರ್ ಕೇಳಿದರು.

"ಏನೂ ಇಲ್ಲ ಸಿಸ್ಟರ್. ಒಂದು ಗಂಟೆ ಯಾರೂ ನನ್ನ ಏನೂ ಕೇಳ್ಲಿಲ್ಲ. ನಿದ್ದೆ ಬಂದ್ಬಿಡ್ತು" ಎಂದರು ಆಕೆ.

ತಮ್ಮ ಇಡೀ ವೈದ್ಯವನ್ನೇ ಈ ಹುಡುಗಿ ಮುಳುಗಿಸಿದಳಲ್ಲ ಎಂದು ಸಿಸ್ಟರ್ ಬೇಸರಪಡುತ್ತಾರೆಂದು ನಾನು ಹೆದರಿದ್ದೆ. ಅವರು ಚೀಟಿ ಪುಸ್ತಕ ತೆಗೆದು, ಆಕೆಗೆ ಅಲ್ಲೇ ಬರೆದುಕೊಟ್ಟರು: "ಶಿವಾಜಿನಗರ ಬಸ್ ಸ್ಟ್ಯಾಂಡ್. ವಾರಕ್ಕೊಂದು ಸಲ. ಒಬ್ಬರೇ." ಆ ಚೀಟಿಯನ್ನು ಅತ್ತೆಗೆ ತೋರಿಸಿ ಆಕೆ ವರ್ಷಗಟ್ಟಲೆ ಹೋಗಿಬರುತ್ತಿದ್ದರು. ಅತ್ತೆ ಅದನ್ನು ಯಾವುದೋ ದೊಡ್ಡಾಸ್ಪತ್ರೆಯ ವಿಭಾಗವೆಂದು ತಿಳಿದಿದ್ದರು.

"ಹಾಗಾದ್ರೆ ಅಪ್ಪನಿಗೂ ಬಸ್ ಸ್ಟ್ಯಾಂಡೇ ಬರೆದುಕೊಡಿ" ಎಂದೆ.

"ಬೇಡ. ನಿಮ್ಮಪ್ಪನಿಗೆ ಅಲ್ಲಿ ಸರಿ ಮಾಡೋಕೆ ತುಂಬಾ ಇದೆ." ಚೀಟಿ ಪುಸ್ತಕ ಮುಚ್ಚಿ, "ಇಪ್ಪತ್ತಾರು ವರ್ಷ ಬರೀ ಕೆಳಗೆ ನೋಡಿದ್ದಾರೆ. ಎಲ್ಲೆಲ್ಲಿ ತಪ್ಪಾಗ್ತಿದೆ ಅಂತ ಹುಡುಕೋದೇ ಅವರ ಕೆಲಸ. ಒಂದು ಸಲ ಮೇಲೆ ನೋಡಿಸ್ಬೇಕು" ಎಂದರು.

ಈ ಮಾತನ್ನು ಅವರು ಇಷ್ಟು ಚೆನ್ನಾಗಿ ಹೇಳಿದರೋ, ನಾನು ಆಮೇಲೆ ತಿದ್ದಿದೆನೋ ಗೊತ್ತಿಲ್ಲ. ದಿನಚರಿಯಲ್ಲಿರುವುದು "ಅಪ್ಪ – ಮೇಲೆ ನೋಡಬೇಕು (ಸಿಸ್ಟರ್)" ಎಂದಷ್ಟೇ.

ಮೂರನೆಯ ಭಾನುವಾರ ಅವರು ಅಪ್ಪನನ್ನು ಹುಲ್ಲು, ಬೋರ್ಡು, ಚುರುಮುರಿ ಯಾವುದೂ ಕಾಣದಂತೆ, ತಮ್ಮ ಸ್ಥೂಲಕಾಯವನ್ನು ಅಡ್ಡ ಇಟ್ಟುಕೊಂಡೇ ನಡೆಸಿ, ಆ ದೊಡ್ಡ ಬಿಳಿ ಬೂರುಗದ ಮರದ ಮುಂದೆ ನಿಲ್ಲಿಸಿದರು. ಬೇರುಗಳೇ ಆಳೆತ್ತರದ ಗೋಡೆಗಳಂತೆ ಹಬ್ಬಿರುವ ಮರ ಅದು. ನೋಡಿದವರು ಸಾಮಾನ್ಯವಾಗಿ "ಅಬ್ಬಾ" ಎನ್ನುತ್ತಾರೆ. ಅಪ್ಪ ಅನ್ನಲಿಲ್ಲ. ಕತ್ತೆತ್ತಿದರು. ಇಳಿಸಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಮೂರನೆಯ ಸುತ್ತಿಗೆ ಸಿಸ್ಟರ್ ನನ್ನ ಕೈ ಹಿಡಿದುಕೊಂಡರು.

"ಎಷ್ಟು ಟನ್ ಇರಬಹುದು ಇದು?" ಎಂದರು ಅಪ್ಪ.

"ಫ್ಯಾಕ್ಟರಿ ಮಾತಾ?" ಎಂದರು ಸಿಸ್ಟರ್.

"ಅಲ್ಲ ಸಿಸ್ಟರ್. ಮರದ ಮಾತು. ಒಂದು ಕ್ರೇನಲ್ಲಿ ಏಳಲ್ಲ. ಎರಡು ಬೇಕು. ಚೈನು ಹಾಕೋ ಹಾಗಿಲ್ಲ, ತೊಗಟೆ ಕಿತ್ತೋಗತ್ತೆ. ಅಗಲ ಪಟ್ಟಿ ಹಾಕ್ಬೇಕು. ಆ ಕೊಂಬೆ ನೋಡಿ, ಭಾರ ಎಲ್ಲ ಆ ಕಡೆ ಇದೆ. ಮೊದ್ಲು ಅರ್ಧ ಇಂಚು ಎತ್ತಿ ನಿಲ್ಲಿಸಿ ನೋಡ್ಬೇಕು, ಯಾವ ಕಡೆ ವಾಲತ್ತೆ ಅಂತ."

"ಎತ್ತಿ ಎಲ್ಲಿ ಇಡ್ತೀರಿ?"

ಅಪ್ಪ ಆ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ಬೆಂಚಿನ ಮೇಲೆ ಕೂತು ಮತ್ತೆ ಕತ್ತೆತ್ತಿ ಮರವನ್ನು ಕಣ್ಣಲ್ಲೇ ಅಳೆದರು. ಅವರ ಮುಂದೆಯೇ ಯಾರೋ ಹುಲ್ಲಿನ ಮೇಲೆ ನಡೆದು ಹೋದರು. ನೋಡಲಿಲ್ಲ.

"ಎಲ್ಲೂ ಇಲ್ಲ" ಎಂದರು ಕೊನೆಗೆ. "ಸುಮ್ನೆ ಎತ್ತಿ, ಮತ್ತೆ ಅದೇ ಜಾಗದಲ್ಲಿ ಇಳಿಸ್ತೀನಿ. ಬೇರಿಗೆ ಗೊತ್ತಾಗ್ಬಾರ್ದು, ಹಂಗೆ."

ಬೇರುಗಳ ಮಧ್ಯೆ ನಿಂತು ಸಿಸ್ಟರ್ ಒಂಬತ್ತು ಸಲ ಸೀನಿದರು. ಆ ದಿನ ಗೇಟಿನಲ್ಲಿ ಅಂಕಿ ನೂರಾ ನಲವತ್ತೆರಡು. ಮುಂದಿನ ವಾರ ಅಪ್ಪ ಆ ಮರವನ್ನು ಇನ್ನೆರಡು ಸಲ ಎತ್ತಿ ಇಳಿಸಿದರು. ನೂರಾ ಮೂವತ್ತಾರು.

ಇದು ಮರದಿಂದಲೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಮಾತ್ರೆ ಶುರುವಾಗಿ ಆಗ ನಾಲ್ಕು ವಾರವಾಗಿತ್ತು. ಅಮ್ಮ ಉಪ್ಪು ಕಡಿಮೆ ಮಾಡಿದ್ದರು. ಇದನ್ನು ಸಿಸ್ಟರಿಗೂ ಹೇಳಿದೆ. "ಮಾತ್ರೆ ಮಾತ್ರೆಯ ಕೆಲಸ ಮಾಡುತ್ತೆ, ಮರ ಮರದ ಕೆಲಸ ಮಾಡುತ್ತೆ. ಇಬ್ಬರಿಗೂ ಜಗಳ ಇಲ್ಲ. ನಿನಗೇ ಯಾಕೆ?" ಎಂದರು.

ಸೋಮವಾರ ಕೊನೆಯ ತಪಾಸಣೆ. ನನ್ನನ್ನು ಒಳಗೆ ಬಿಡಲಿಲ್ಲ. ಇದನ್ನು ಸಿಸ್ಟರೂ ಅಪ್ಪನೂ ಬೇರೆ ಬೇರೆಯಾಗಿ ಹೇಳಿದ್ದಾರೆ, ಎರಡೂ ಹೊಂದುವಷ್ಟನ್ನು ಮಾತ್ರ ಬರೆಯುತ್ತಿದ್ದೇನೆ. ಡಾಕ್ಟರ ಕೋಣೆಗೆ ಹೋದೊಡನೆ ಅಪ್ಪನ ಮುಖ ಬಿಗಿಯಿತು. ಮೇಜಿನ ಮೇಲೆ ಸ್ಟೋರ್ಸಿಗೆ ವರ್ಗ ಮಾಡುವ ಕಾಗದ ಟೈಪಾಗಿ, ಸಹಿಯೊಂದೇ ಬಾಕಿಯಿತ್ತು. ಅಪ್ಪ ಅದನ್ನು ತಲೆಕೆಳಗಾಗಿಯೇ ಓದಿಬಿಟ್ಟರು. ಡಾಕ್ಟರು ನೋಡಿದರೆ ನೂರಾ ಅರವತ್ತೆಂಟು.

"ಐದು ನಿಮಿಷ ಬಿಟ್ಟು ನೋಡಿ ಸಾರ್" ಎಂದರು ಸಿಸ್ಟರ್. ಡಾಕ್ಟರು ಗಡಿಯಾರ ನೋಡಿ ಒಪ್ಪಿದರು. ಸಿಸ್ಟರ್ ಆ ಕಾಗದದ ಮೇಲೆ ಹತ್ತಿಯ ಡಬ್ಬ ಇಟ್ಟರು. ಅಪ್ಪನಿಗೆ ಕೇಳುವಷ್ಟೇ ದನಿಯಲ್ಲಿ, "ಪಟ್ಟಿ ಸರಿಯಾಗಿ ಕೂತಿದೆಯಾ ನೋಡ್ಕೊಳ್ಳಿ ಆಪರೇಟರ್. ಭಾರ ಎಲ್ಲ ಆ ಕೊಂಬೆ ಕಡೆ ಇದೆ" ಎಂದರು.

ಅಪ್ಪ ಕಣ್ಣು ಮುಚ್ಚಿದರು. ಬಲತೋಳಿಗೆ ಪಟ್ಟಿ. ತೊಡೆಯ ಮೇಲಿದ್ದ ಎಡಗೈಯ ತೋರುಬೆರಳು ಮೆಲ್ಲಗೆ ಮೇಲೆದ್ದು ಸಣ್ಣಗೆ ತಿರುಗತೊಡಗಿತು. ಅಂಗೈ ಚಾಚಿತು. ಸ್ವಲ್ಪ ಹೊತ್ತು ನಿಂತಿತು. ಮತ್ತೆ ತಿರುಗಿತು. ಡಾಕ್ಟರು ಸ್ಟೆತಾಸ್ಕೋಪು ಹಾಕಿಕೊಂಡವರು ಪಾದರಸ ಬಿಟ್ಟು ಆ ಕೈಯನ್ನೇ ನೋಡಿದರು.

"ಏನ್ರೀ ಅದು?"

"ಮಾತಾಡಿಸ್ಬೇಡಿ ಸಾರ್" ಎಂದರು ಸಿಸ್ಟರ್. "ಮರ ಗಾಳೀಲಿದೆ."

ಡಾಕ್ಟರು ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. ನೂರಾ ಮೂವತ್ತೆಂಟು. ಅಪ್ಪ ಬೆರಳನ್ನು ಕೆಳಕ್ಕೆ ತಿರುಗಿಸಿ ಮರವನ್ನು ಪೂರ್ತಿ ಇಳಿಸಿ ಮುಗಿಸುವವರೆಗೆ ಅವರು ಪಟ್ಟಿ ಬಿಚ್ಚಲೂ ಇಲ್ಲವಂತೆ. ಟೈಪಾದ ಕಾಗದವನ್ನು ಸಿಸ್ಟರ್ ಹಿಂಬದಿ ಖಾಲಿಯಿದೆಯೆಂದು ನಾಲ್ಕು ತುಂಡು ಮಾಡಿ ಚೀಟಿಗಳಿಗೆ ಬಳಸಿಕೊಂಡರು. ಅದರಲ್ಲೊಂದು ನನ್ನ ದಿನಚರಿಯಲ್ಲಿದೆ. ಒಂದು ಕಡೆ "ಸ್ಟೋರ್ಸ್ ವಿಭಾಗಕ್ಕೆ", ಇನ್ನೊಂದು ಕಡೆ ಸಿಸ್ಟರ ಅಕ್ಷರದಲ್ಲಿ "ಲಾಲ್‌ಬಾಗ್. ತಪ್ಪದೆ." ಅಪ್ಪ ನಿವೃತ್ತಿಯ ದಿನದವರೆಗೂ ಕ್ರೇನ್ ಹತ್ತಿದರು. ಪ್ರತಿ ಭಾನುವಾರ ಮರ ಎತ್ತಿದರು.

ಸಿಸ್ಟರ್ ಅಪ್ಪನಿಗಿಂತ ಮೊದಲೇ ನಿವೃತ್ತರಾಗಿ ಹಲಸೂರಿಗೆ ಹೋದರು. ಅಲ್ಲಿಂದಲೂ ಭಾನುವಾರ ಬರುತ್ತಿದ್ದರು. ಆಮೇಲೆ ಮೊಣಕಾಲು ಬಿಡಲಿಲ್ಲ. ನಾನು ಕೊನೆಯ ಸಲ ನೋಡಲು ಹೋದಾಗ ಕಿಟಕಿಯ ಹತ್ತಿರ ಕೂತಿದ್ದರು, ಮನೆಯಲ್ಲಿ ಒಂದೂ ಗಿಡವಿರಲಿಲ್ಲ. ಹೂ ತೆಗೆದುಕೊಂಡು ಹೋಗಬಾರದೆಂಬ ಜ್ಞಾನ ನನಗಿತ್ತು. ಬೇಯಿಸಿದ ಕಡಲೆಕಾಯಿ ಒಯ್ದಿದ್ದೆ. "ಮರ ಹೇಗಿದೆ?" ಎಂದು ಕೇಳಿದರು. ಅಪ್ಪ ಹೇಗಿದ್ದಾರೆಂದು ಕೇಳಲಿಲ್ಲ. ಎರಡೂ ಒಂದೇ ಪ್ರಶ್ನೆಯೆಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು.

ಅಂತ್ಯಸಂಸ್ಕಾರಕ್ಕೆ ಕ್ವಾರ್ಟರ್ಸಿನ ಹಳಬರೆಲ್ಲ ಬಂದಿದ್ದರು. ವೆಲ್ಡರ ಹೆಂಡತಿ ಬಂದಿದ್ದರು, ಶಿವಾಜಿನಗರದಲ್ಲಿ ಅರ್ಧ ಗಂಟೆ ಕೂತು ಬಂದೆ ಎಂದರು. ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಹಗ್ಗ ಹಿಡಿದು ಪೆಟ್ಟಿಗೆ ಇಳಿಸುವವರು ನಾಲ್ಕು ಜನ, ಇಬ್ಬರು ಅವರ ನೆಂಟರು, ಇಬ್ಬರು ನಮ್ಮ ಶೆಡ್ಡಿನ ಹಳಬರು. ನೆಂಟರ ಕಡೆ ಹಗ್ಗ ಬೇಗ ಜಾರಿ ಪೆಟ್ಟಿಗೆ ವಾಲಿತು. ಯಾರೋ ಅಯ್ಯೋ ಎಂದರು.

ನನ್ನ ಪಕ್ಕದಲ್ಲಿದ್ದ ಅಪ್ಪ ಯಾವಾಗ ಮುಂದೆ ಹೋದರೋ ಕಾಣಲಿಲ್ಲ. ಗುಂಡಿಯ ತುದಿಯಲ್ಲಿ ನಿಂತು ಅಂಗೈ ಚಾಚಿದ್ದರು. ನಾಲ್ವರೂ ನಿಂತರು. ಅಪ್ಪ ವಾಲಿದ ಕಡೆ ನೋಡಿ, ಎಡಕ್ಕೆ ಬೆರಳೆತ್ತಿದರು. ಆ ತುದಿ ಅರ್ಧ ಇಂಚು ಏರಿತು. ಮತ್ತೆ ಅಂಗೈ. ಆಮೇಲೆ ಬೆರಳು ಕೆಳಕ್ಕಾಗಿ, ಸಣ್ಣಗೆ, ನಿಧಾನವಾಗಿ ತಿರುಗತೊಡಗಿತು. ಕೆಳಗಿನ ಮಣ್ಣಿಗೂ ಗೊತ್ತಾಗಬಾರದು, ಹಾಗೆ.

ಪೆಟ್ಟಿಗೆಯ ಮೇಲೆ ಎಲ್ಲರೂ ಹೂ ಹಾಕಿದರು. ಗುಲಾಬಿ, ಸೇವಂತಿಗೆ, ಸುಗಂಧರಾಜ, ಯಾರಿಗೂ ಸಿಸ್ಟರ ಮೂಗಿನ ನೆನಪಿರಲಿಲ್ಲ. ರಾಶಿ ಏರುತ್ತಾ ಹೋಯಿತು. ಎಷ್ಟೋ ವರ್ಷದ ಅಭ್ಯಾಸ, ನಾನು ಎಣಿಸಲು ತಯಾರಾಗಿ ನಿಂತಿದ್ದೆ. ಸ್ವಲ್ಪ ಹೊತ್ತು ಕಾದೆ. ಅಷ್ಟೊಂದು ಹೂವಿನ ಕೆಳಗೆ ಅವರು ಒಂದು ಸಲವೂ ಸೀನಲಿಲ್ಲ.